ಹತ್ತನೆಯ ದಿನದ ಮಾತು

ಮೇಲಿನ ಮನೆಯ ಶಿವದೇವಿ ಮೆಟ್ಟಿಲು ಇಳಿದು ಬಂದ ರೀತಿಯಲ್ಲೇ ನನಗೆ ತಿಳಿಯಿತು. ಯಾವಾಗಲೂ ಚಪ್ಪಲಿ ಸದ್ದು ಮಾಡುತ್ತ, ಅರ್ಧ ಮೆಟ್ಟಿಲಿನಲ್ಲೇ ಮಾತು ತೆಗೆಯುತ್ತ ಬರುವ ಹೆಂಗಸು ಅಂದು ಬರಿಗಾಲಿನಲ್ಲಿ, ಗೋಡೆ ಹಿಡಿದುಕೊಂಡು ಇಳಿದಳು. ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಮೊಮ್ಮಗಳು ಸುಹಾಸಿನಿ ಚಾಪೆಯ ಮೇಲೆ ಹಿತ್ತಾಳೆ ಬಟ್ಟಲೊಂದನ್ನು ಬೋರಲು ಹಾಕಿ ಬಡಿಯುತ್ತಿದ್ದಳು.

“ರಾಯರ, ನರಹರಿ ಫೋನ್ ಮಾಡ್ಯಾನ್ರಿ, ದವಾಖಾನಿಂದ,” ಎಂದಳು. ಮುಂದೆ ಹೇಳಲಿಲ್ಲ. ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು ಹೊಸ್ತಿಲ ಬಳಿ ಕೂತುಬಿಟ್ಟಳು.

ನನ್ನ ಹೆಂಡತಿ ಯಮುನಾಬಾಯಿ ಬೆಳಿಗ್ಗೆ ತನ್ನ ತಂಗಿಯನ್ನು ಗುಲ್ಬರ್ಗದ ಗಾಡಿಗೆ ಹತ್ತಿಸಲು ಮಗ ನರಹರಿಯ ಜೊತೆಗೆ ನಾಂಪಲ್ಲಿ ಸ್ಟೇಶನ್ನಿಗೆ ಹೋಗಿದ್ದಳು. ನುಮಾಯಿಶ್ ಎಂಬ ದೊಡ್ಡ ಪ್ರದರ್ಶನ ನಡೆದಿದ್ದ ದಿನಗಳು. ಸ್ಟೇಶನ್ನಿನ ಮುಂದೆ ಕಾಲಿಡಲು ಜಾಗವಿರಲಿಲ್ಲವಂತೆ. ಗಾಡಿ ಹೊರಟ ಮೇಲೆ “ತಡಿ, ಸ್ವಲ್ಪ ಕೂಡ್ತೀನಿ, ಎದಿ ಹಿಡದಂಗ ಆಗ್ಯದ” ಎಂದು ಬೆಂಚಿನ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿಲ್‌ಸುಖ್‌ನಗರದ ನಮ್ಮ ಓಣಿಯಲ್ಲಿ ಆಗ ಫೋನ್ ಇದ್ದದ್ದು ಶಿವದೇವಿಯ ಗಂಡ ವೀರಭದ್ರಪ್ಪನ ಮನೆಯಲ್ಲಿ ಮಾತ್ರ. ಹಾಗಾಗಿ ಮಗನಿಗಿಂತ ಮೊದಲು ನೆರೆಯವಳ ಮುಖದಲ್ಲಿ ನನ್ನ ಸಂಸಾರ ಮುಗಿದದ್ದನ್ನು ನಾನು ನೋಡಬೇಕಾಯಿತು.

ಕೂಸು ಬಟ್ಟಲಿಗಾಗಿ ಅಳುತ್ತಿತ್ತು. ಎತ್ತಿಕೊಡೋಣವೆಂದು ಬಗ್ಗಿದೆ, ಆಗಲಿಲ್ಲ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ನನ್ನ ಎಡಗೈ ಜೋಲುಬಿದ್ದಿದೆ. ಬಲಗೈಯೂ ಆ ಹೊತ್ತಿಗೆ ನನ್ನ ಮಾತು ಕೇಳಲಿಲ್ಲ.

ಆ ಕೂಸು ಮೂರು ತಿಂಗಳಿನದಿದ್ದಾಗಿನಿಂದ ಯಮುನಾಬಾಯಿಯ ಮಡಿಲಲ್ಲೇ ಬೆಳೆದದ್ದು. ಸೊಸೆ ನಲಿನಿಗೆ ಕಂಚನ್‌ಬಾಗಿನ ರಕ್ಷಣಾ ಪ್ರಯೋಗಶಾಲೆಯಲ್ಲಿ ನೌಕರಿ, ಮಗನಿಗೆ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ. ಇಬ್ಬರೂ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯವರೆಗೆ ಮನೆಯಲ್ಲಿ ನಾವು ಇಬ್ಬರು ಮುದುಕರು ಮತ್ತು ಕೂಸು. ಎಣ್ಣೆ, ನೀರು, ರಾಗಿ ಗಂಜಿ, ನಿದ್ದೆ, ಎಲ್ಲ ಅವಳ ಕೈಯಲ್ಲಿ. ಕೂಸಿಗೆ ಒಂದು ಸೀನು ಬಂದರೂ ಅವಳು ಆ ದಿನ ಊಟಕ್ಕೆ ಕೂಡುತ್ತಿರಲಿಲ್ಲ.

ಹತ್ತನೆಯ ದಿನ ಮೂಸಿ ನದಿಯ ದಂಡೆಗೆ, ಪುರಾನಾಪೂಲಿನ ಹತ್ತಿರ ಹೋದೆವು. ನಾನು, ನರಹರಿ, ಕ್ರಿಯೆ ಮಾಡಿಸುವ ಆಚಾರ್ಯರು, ಜೊತೆಗೆ ಬಂದ ವೀರಭದ್ರಪ್ಪ. ಆ ದಿನದ ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ ಎಂದು ನಮ್ಮವರ ನಂಬಿಕೆ. ಆಗ ಮನೆಯವರು ಆ ಆಸೆ ಯಾವುದೆಂದು ನೆನೆದು, ಅದನ್ನು ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು.

ಹಳೆಯ ಸೇತುವೆಯ ಕಟ್ಟೆಯ ಮೇಲೆ ಕಾಗೆಗಳ ಸಾಲೇ ಕೂತಿತ್ತು. ಒಂದೂ ಇಳಿಯಲಿಲ್ಲ.

“ಅವ್ವಾ, ಪಂಢರಪುರಕ್ಕ ಹೋಗೂದಿತ್ತಲ್ಲ ನಿನಗ, ಅಪ್ಪನ್ನ ಕರಕೊಂಡು ಹೋಗಿ ಬರ್ತೀನಿ,” ಎಂದ ನರಹರಿ. ಕಾಗೆ ಬರಲಿಲ್ಲ. “ನಿನ್ನ ಬಂಗಾರದ ಪಾಟ್ಲಿ ಬಳಿ ನಿನ್ನ ತಂಗಿ ಮಾವಶಿಗೆ ಕೊಡ್ತೀವಿ.” ಬರಲಿಲ್ಲ. ಅಂಗಾಲು ಸುಡುತ್ತಿತ್ತು. ಬದುಕಿದ್ದಾಗ ಯಾವುದಕ್ಕೂ ಹಟ ಮಾಡದವಳು ಈಗ ಯಾಕೆ ಹೀಗೆ ದೂರ ನಿಂತಿದ್ದಾಳೆ ಎನಿಸಿತು.

“ಆಕಿ ಮನಸು ಎಲ್ಲಿತ್ತು, ನೆನಪು ಮಾಡ್ಕೋರಿ,” ಎಂದರು ಆಚಾರ್ಯರು. “ಬಿಸಲು ಏರಲಿಕತ್ತದ.”

ನರಹರಿ ಮತ್ತೆ ಕೈ ಮುಗಿದ. “ಅವ್ವಾ, ಕೂಸಿನ ಚಿಂತಿ ಬಿಡು. ಅದನ್ನ ಪರರ ಕೈಯಾಗ ಕೊಡೂದಿಲ್ಲ. ಮನಿಯಾಗ ಇಟ್ಕೊಂಡು ಬೆಳಸ್ತೀವಿ.”

“ಹೌದು,” ಎಂದೆ ನಾನು.

ಒಂದು ಕಾಗೆ ಇಳಿಯಿತು. ತಲೆ ಓರೆ ಮಾಡಿ ನಮ್ಮನ್ನು ನೋಡಿ ಒಂದು ತುತ್ತು ಎತ್ತಿಕೊಂಡಿತು. ಅದರ ಹಿಂದೆ ಉಳಿದವೆಲ್ಲ ಬಿದ್ದವು. “ಆತು, ತೃಪ್ತಿ ಆತು,” ಎಂದು ಆಚಾರ್ಯರು ದರ್ಭೆ ಬಿಚ್ಚಿದರು. ಹೆಂಗಸರು ಯಾರೂ ಅಲ್ಲಿ ಇರಲಿಲ್ಲ. ನಲಿನಿಗೆ ಈ ಮಾತನ್ನು ನಾವಿಬ್ಬರೂ ಹೇಳಲಿಲ್ಲ.

ಅವಳ ರಜೆ ಮುಗಿಯಿತು. ನಾನೇ ನೋಡಿಕೊಳ್ಳುತ್ತೇನೆ ಎಂದೆ. ನಾಲ್ಕು ದಿನ ನಡೆಯಿತು. ಐದನೆಯ ದಿನ ಕೂಸು ಅಂಬೆಗಾಲಿಡುತ್ತ ಹೊರಬಾಗಿಲ ಮೆಟ್ಟಿಲಿಗೆ ಹೋಯಿತು. ನಾನು ಏಳುವಷ್ಟರಲ್ಲಿ ತಲೆ ಕೆಳಗಾಗಿತ್ತು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಸಂಜೆ ನಲಿನಿ ನನ್ನನ್ನು ದೂರಲಿಲ್ಲ; ಬುಗುಟಿಗೆ ತಣ್ಣೀರು ಪಟ್ಟಿ ಹಾಕುತ್ತ, “ಮಾವನವರ, ಇಲ್ಲೇ ಹಿಂದಿನ ಓಣ್ಯಾಗ ಒಂದು ಶಿಶುವಿಹಾರ ಅದ. ನೌಕರಿ ಮಾಡೋ ಹೆಣ್ಣುಮಕ್ಕಳು ಕೂಸುಗೋಳನ್ನ ಬಿಟ್ಟು ಹೋಗ್ತಾರ. ನಾಳೆ ಹೋಗಿ ನೋಡ್ತೀನಿ,” ಎಂದಳು. ನರಹರಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. “ಆಗಲವಾ,” ಎಂದೆ.

ಮೊದಲ ವಾರವೇ ಮೂಗು ಸೋರಲು ಹತ್ತಿತು. ನೆಗಡಿ ಎದೆಗೆ ಇಳಿದು ಉಸಿರಿನಲ್ಲಿ ಗೊರಗೊರ ಸದ್ದು. ಅದು ಹೋಗುವಷ್ಟರಲ್ಲಿ ಕಣ್ಣು ಬಂತು. ಬೆಳಿಗ್ಗೆ ರೆಪ್ಪೆಗಳು ಕೀವಿನಿಂದ ಅಂಟಿಕೊಂಡು ಕೂಸು ಕುರುಡರಂತೆ ಗಾಳಿಯಲ್ಲಿ ಕೈಯಾಡಿಸಿ ತಾಯಿಯನ್ನು ಹುಡುಕುತ್ತಿತ್ತು. ಆಮೇಲೆ ಭೇದಿ. ಕುದಿಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು ಹಾಕಿ ಚಮಚದಿಂದ ಹನಿ ಹನಿ ಕುಡಿಸುತ್ತ ನಲಿನಿ ಗೋಡೆಗೆ ಒರಗಿ ಕುಳಿತಲ್ಲೇ ತೂಕಡಿಸುತ್ತಿದ್ದಳು. ಆಮೇಲೆ ಕಿವಿಯ ನೋವು. ಮೂರು ದಿನ ಶಿಶುವಿಹಾರ, ಐದು ದಿನ ಮನೆ. ಗುಂಡಗಿದ್ದ ಕೆನ್ನೆ ಇಳಿದು ಮುಖದಲ್ಲಿ ಕಣ್ಣುಗಳೇ ದೊಡ್ಡವಾದವು. ನಲಿನಿಯ ರಜೆಯೂ ತೀರುತ್ತ ಬಂತು. ಆಫೀಸಿನಲ್ಲಿ ಸಾಹೇಬರು “ನಿಮ್ಮ ಕೂಸಿಗೆ ವಾರಕ್ಕೆ ಎಷ್ಟು ರೋಗ?” ಎಂದು ಎಲ್ಲರ ಮುಂದೆ ಕೇಳಿದರಂತೆ.

ನನಗೆ ಮಾತ್ರ ಇದು ನೆಗಡಿಯೂ ಅಲ್ಲ, ಭೇದಿಯೂ ಅಲ್ಲ. ಕೊಟ್ಟ ಮಾತು ತಪ್ಪಿದೆವು. ಯಮುನಾಬಾಯಿ ಕೂಸನ್ನು ಕೇಳುತ್ತಿದ್ದಾಳೆ. ತೊಟ್ಟಿಲಿನ ಎದುರು ಗೋಡೆಯ ಮೇಲೆ ಅವಳ ಪಟ ಹಾಕಿದ್ದೆವು. ಪ್ರತಿ ಸಂಜೆ ನಲಿನಿ ಕೂಸನ್ನು ಎತ್ತಿ ಹಿಡಿದು “ಅಜ್ಜಿಗೆ ನಮಸ್ಕಾರ ಮಾಡು” ಎನ್ನುವಳು. ಕೂಸು ಎರಡೂ ಕೈ ಚಾಚುವುದು. ಜ್ವರದ ದಿನಗಳಲ್ಲಿ ಯಾರೂ ಎತ್ತಿ ತೋರಿಸದೆಯೂ ಅದು ಆ ಗೋಡೆಯ ಕಡೆಗೆ ನೋಡಿ ನಗುತ್ತಿತ್ತು. ಆ ನಗು ಕಂಡಾಗ ಎದ್ದು ಹೋಗಿ ಪಟಕ್ಕೂ ತೊಟ್ಟಿಲಿಗೂ ನಡುವೆ ನಿಲ್ಲುತ್ತಿದ್ದೆ. ಜಪಕ್ಕೆ ಕುಳಿತರೆ ನಾಮ ಬಾಯಲ್ಲಿ ಇರುತ್ತಿತ್ತು, ಕಿವಿ ತೊಟ್ಟಿಲ ಕಡೆಗೆ.

ಶಿವದೇವಿ ಬಜೆ ತೇಯ್ದು ತರುತ್ತಿದ್ದಳು. “ರಾಯರ, ಕೂಸಿಗಿಂತ ನೀವ ಹೆಚ್ಚು ಬಿಳಿಚ್ಕೊಂಡೀರಿ,” ಎಂದಳು ಒಂದು ದಿನ. “ಹತ್ತು ಕೂಸಿನ ನಡಕ ಹೋಗಿ ಕುಂತ ಕೂಸು ಮೂಗು ಸೋರಿಸದ ಇರತೈತೇನ್ರಿ? ನಮ್ಮ ಮಗ ಮಲ್ಲಪ್ಪ ಎರಡು ವರ್ಷ ಅಂಗಿ ತೋಳಿಗೆ ಮೂಗು ಒರಸ್ಕೊಂಡು ಬೆಳದಾನ. ಈಗ ನೋಡ್ರಿ, ಬಾಗಿಲ ಚೌಕಟ್ಟು ಸಾಲಂಗಿಲ್ಲ ಅವಗ.”

“ಇದು ಆ ಜಡ್ಡಲ್ಲವಾ,” ಎಂದೆ.

ಅವಳು ನನ್ನನ್ನು ನೋಡಿ ದನಿ ತಗ್ಗಿಸಿದಳು. “ನಮ್ಮನಿಯವರು ಹೊಳಿ ದಂಡಿ ಸುದ್ದಿ ಹೇಳ್ಯಾರ್ರಿ. ಸಿಟ್ಟಾಗಬ್ಯಾಡ್ರಿ, ಹೇಳಾಕತ್ತೀನಿ. ನಮ್ಮಾಗ ಹೋದವರು ಲಿಂಗದಾಗ ಕೂಡಿದ್ರು ಅಂತ ಕೈ ಮುಗದ್ರ ಮುಗೀತು. ಕಾಗೀನ ಕರದು ಪಂಚಾಯ್ತಿ ಮಾಡಸಂಗಿಲ್ಲ.”

ನನಗೆ ಸಿಟ್ಟು ಬಂದಿತು. ನಿಮ್ಮ ರೀತಿ ನಿಮಗೆ, ನಮ್ಮದು ನಮಗೆ ಎಂದು ಮುಖ ತಿರುಗಿಸಿದೆ. ಅವಳು ಬಜೆಯ ಬಟ್ಟಲನ್ನು ಅಲ್ಲೇ ಇಟ್ಟು ಹೋದಳು.

ಬೇಸಿಗೆಯ ಬಿಸಿಲು ಬಲಿಯುತ್ತಿದ್ದ ಒಂದು ದಿನ ಶಿಶುವಿಹಾರದವರು ನಲಿನಿಯ ಆಫೀಸಿಗೆ ಫೋನ್ ಮಾಡಿದರು. ಅವಳು ಮಧ್ಯಾಹ್ನವೇ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಮೈ ಹಂಚಿನಂತೆ ಸುಡುತ್ತಿತ್ತು. ಔಷಧಿ ಕುಡಿಸಿದರೆ ಕಕ್ಕಿತು. ಸಂಜೆ ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಒಳಗಿನಿಂದ ನಲಿನಿಯ ದನಿ ಬಂತು. ಅದು ಕರೆದದ್ದೂ ಅಲ್ಲ, ಅತ್ತದ್ದೂ ಅಲ್ಲ. ಹೋಗಿ ನೋಡಿದರೆ ಕೂಸಿನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿವೆ. ಹಲ್ಲು ಕಚ್ಚಿದೆ. ಕೈಕಾಲು ಸೆಟೆದು ಜಗ್ಗುತ್ತಿವೆ. ತುಟಿ ನೀಲಿ.

ನಲವತ್ತು ವರ್ಷ ನಾನು ನನ್ನ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಅಂದು ಅವಳ ಪಟದ ಮುಂದೆ ಬಿದ್ದು, “ಯಮುನಾ, ಬಿಡು ಕೂಸಿನ್ನ. ಕೈ ಬಿಡು. ಮಾತು ತಪ್ಪಿದವರು ನಾವು, ಕೂಸಲ್ಲ,” ಎಂದು ಕೂಗಿದೆ. ಮೈಮೇಲೆ ಬಂದ ಪೀಡೆಗೆ ಹೇಳುವಂತೆ ಹೇಳಿದೆ. ನಲಿನಿ ಕೂಸನ್ನು ಅಪ್ಪಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಮೇಲಿನಿಂದ ವೀರಭದ್ರಪ್ಪ ಓಡಿಬಂದು ಆಟೋ ತಂದ. ಬೀದಿಯ ತಿರುವು ದಾಟುವಷ್ಟರಲ್ಲಿ ಸೆಳೆತ ನಿಂತಿತು. ಕೂಸು ತೊಯ್ದ ಬಟ್ಟೆಯಂತೆ ತಾಯಿಯ ತೋಳಿನ ಮೇಲೆ ಜೋತುಬಿತ್ತು. ಉಸಿರು ಇದೆಯೋ ಇಲ್ಲವೋ ಎಂದು ನಾನು ಅದರ ಮೂಗಿನ ಬಳಿ ಬೆರಳು ಹಿಡಿದೆ. ನಲಿನಿ ನನ್ನ ಕೈಯನ್ನು ಸರಿಸಿದಳು.

ಮುಖ್ಯ ರಸ್ತೆಯಲ್ಲಿ ಮಕ್ಕಳ ಡಾಕ್ಟರಮ್ಮ ಇದ್ದರು, ತೆಲುಗಿನವರು. ಕೂಸನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಂಟಲು, ಕಿವಿ, ಎದೆ, ಕುತ್ತಿಗೆ ಎಲ್ಲ ನೋಡಿದರು. ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಮೈ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, “ಭಯಪಡಕಂಡಿ ತಾತಗಾರು,” ಎಂದರು. ಹೆದರಬೇಡಿ ಎಂದು ಅವರು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದರೋ, ಆ ಮಾತು ಸವೆದು ನುಣುಪಾಗಿತ್ತು. ಜ್ವರ ಒಮ್ಮೆಲೆ ಏರಿದಾಗ ಕೆಲವು ಕೂಸುಗಳಿಗೆ ಹೀಗೆ ಸೆಳೆತ ಬರುತ್ತದೆ. ನೋಡುವವರ ಪ್ರಾಣ ಹೋದಂತಾಗುತ್ತದೆ, ಕೂಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮತ್ತೆ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಲ್ಲಿ ಚಮಚ, ಬೆರಳು ಏನೂ ಇಡಬೇಡಿ, ಬೇಗ ಕರೆದುಕೊಂಡು ಬನ್ನಿ ಎಂದರು.

“ಶಿಶುವಿಹಾರಕ್ಕೆ ಹೋಗಲು ಹತ್ತಿದಾಗಿನಿಂದ ಹೀಗೇ,” ಎಂದಳು ನಲಿನಿ ಹಿಂದಿಯಲ್ಲಿ.

ಇಷ್ಟು ದಿನ ಮನೆಯೊಳಗೆ ಇದ್ದ ಕೂಸು, ಊರಿನ ರೋಗಗಳ ಪರಿಚಯವಿಲ್ಲ, ಈಗ ಒಂದೊಂದಾಗಿ ಎಲ್ಲದರ ಪರಿಚಯವಾಗುತ್ತಿದೆ, ಮೊದಲ ವರ್ಷ ಕಷ್ಟ, ಎರಡನೆಯ ವರ್ಷ ನೀವೇ ನೋಡುತ್ತೀರಿ ಎಂದು ಡಾಕ್ಟರಮ್ಮ ನಕ್ಕರು. ಅವರು ನಗಬಹುದಾಗಿತ್ತು. ನಾವಿಬ್ಬರೂ ನಗಲಿಲ್ಲ.

ಮನೆಗೆ ಬಂದ ಮೇಲೆ ನಲಿನಿ ಕೇಳಿದಳು. “ಯಾವ ಮಾತು ತಪ್ಪಿದ್ರಿ, ಮಾವನವರ?”

ಹೇಳಿದೆ. ನಾನು ಮುಗಿಸಿದ ಮೇಲೆ ಕೂಸಿನ ಹೊದಿಕೆಯನ್ನು ಮತ್ತೊಮ್ಮೆ ಸರಿ ಮಾಡಿದಳು.

ಮರುದಿನ ಗೋಡೆಯ ಮೇಲೆ ಪಟ ಇರಲಿಲ್ಲ. ನಲಿನಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಳು. ಆಫೀಸಿನ ಗೆಳತಿಯ ಜೊತೆ ಒಂದು ದರ್ಗಾಕ್ಕೆ ಹೋಗಿ ತಾಯಿತ ತಂದು ಕೂಸಿನ ತೋಳಿಗೆ ಕಟ್ಟಿದಳು. ಶಿವದೇವಿ ಕೂಸನ್ನು ಆಡಿಸುತ್ತ “ಅಜ್ಜಿ ಎಲ್ಲಿ ಹೋದ್ಳು” ಎಂದಾಗ, “ಆ ಹೆಸರು ತಗೀಬ್ಯಾಡ್ರಿ ಈ ಮನ್ಯಾಗ,” ಎಂದು ಕೂಸನ್ನು ಕಸಿದುಕೊಂಡಳು. ಕತ್ತಲಾಗುವ ಹೊತ್ತಿಗೆ ಅಕ್ಕಿ ತರಲು ಹಿಂದಿನ ಖೋಲಿಗೆ ಹೋಗಲು ಹಿಂಜರಿಯುತ್ತಿದ್ದಳು; ಯಮುನಾಬಾಯಿಯ ಸೀರೆಗಳ ಟ್ರಂಕು ಅಲ್ಲಿತ್ತು. ಬಸುರಿನಲ್ಲಿ ನಲಿನಿಯ ಕಾಲು ಊದಿದಾಗ ಈ ಅತ್ತೆ ನೆಲದ ಮೇಲೆ ಕೂತು ಆ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದ್ದನ್ನು ನಾನು ಕಂಡಿದ್ದೇನೆ.

ಶನಿವಾರ ಅಡಿಗೆಮನೆಯಲ್ಲಿ ಗಂಡ ಹೆಂಡತಿಯ ಮಾತು ನನ್ನ ಕಿವಿಗೆ ಬಿತ್ತು.

“ಸೋಮವಾರ ಹೋಗಿ ನೌಕರಿ ಬಿಡ್ತೀನಂತ ಹೇಳಿ ಬರ್ತೀನಿ.”

“ಡಾಕ್ಟರು ಹೇಳಿದ್ರಲ್ಲ ನಲಿನಿ, ಮೊದಲನೇ ವರ್ಷ...”

“ಡಾಕ್ಟರಿಗೇನು ಗೊತ್ತು, ನೀವು ಹೊಳ್ಯಾಗ ನಿಂತು ಏನ್ ಅಂದು ಬಂದೀರಿ ಅಂತ? ಅತ್ತಿಯವರು ಬಿಡೂದಿಲ್ಲ. ಕೂಸಿನ್ನ ಒಯ್ದ ಬಿಡ್ತಾರ.”

“ಅವ್ವ ಹಂಗಲ್ಲ.”

“ಇರೂತನಕ ಹಂಗಿರಲಿಲ್ಲ,” ಎಂದಳು ನಲಿನಿ.

ನಾನು ಬೇಡಿಕೊಂಡದ್ದೇ ಆಗುತ್ತಿತ್ತು. ಕೂಸು ಮನೆಯಲ್ಲಿ ಉಳಿಯುತ್ತದೆ, ಕೊಟ್ಟ ಮಾತು ನಡೆಯುತ್ತದೆ. ಆದರೆ ಆ ಕೊನೆಯ ಮಾತು ಕೇಳಿ ನನಗೆ ಬಂದ ಹೆದರಿಕೆ ಈ ಮೊದಲಿನದ್ದಲ್ಲ. ತೀರಿಹೋದವಳಿಗೆ ತೃಪ್ತಿಯಾಗಲೆಂದು ಮಾಡಿದ ಕ್ರಿಯೆಯಿಂದ ಅವಳನ್ನು ನಾವು ಈ ಮನೆಯ ಪೀಡೆ ಮಾಡಿದ್ದೆವು. ನಾಳೆ ಈ ಕೂಸು ದೊಡ್ಡದಾಗಿ ನಮ್ಮ ಅಜ್ಜಿ ಯಾರು ಎಂದು ಕೇಳಿದರೆ, ನಿನ್ನನ್ನು ಒಯ್ಯಲು ಬಂದವಳು ಎಂದು ಹೇಳುವರೇ? ಆ ರಾತ್ರಿ ಜಪಕ್ಕೆ ಕುಳಿತು, ಯಾರಿಂದ ಯಾರನ್ನು ಕಾಪಾಡು ಎಂದು ಬೇಡಬೇಕೆಂದೇ ತಿಳಿಯದೆ ಎದ್ದೆ.

ಮರುದಿನ ಭಾನುವಾರ, ಯಮುನಾಬಾಯಿಯ ಮಾಸಿಕ, ತಿಂಗಳ ಶ್ರಾದ್ಧ. ಆಚಾರ್ಯರು ಬಂದು ಮುಗಿಸಿ ಊಟ ಮಾಡಿ ಹೋದರು. ಎಲೆ ಎತ್ತಿದ ಮೇಲೆ ನಾನು ದೇವರ ಖೋಲಿಯ ಬಾಗಿಲಲ್ಲಿ ಕುಳಿತು ಸೊಸೆಯನ್ನು ಕರೆದೆ. ನರಹರಿಯೂ ಬಂದು ನಿಂತ.

“ಕೂಡವಾ. ಹೊಳಿ ದಂಡಿ ಮ್ಯಾಲೆ ಅಂದ ಮಾತು ಆಕೀದಲ್ಲ. ನಾವು ಗಂಡಸರು ಬಿಸಲಾಗ ನಿಂತು ಊಹಾ ಮಾಡಿ ಅಂದ ಮಾತು. ಕೂಸಿನ ವಿಷಯದಾಗ ಆಕಿ ಮಾತಾಡ್ತಿದ್ದದ್ದು ನಿನ್ನ ಜೋಡಿ. ನಿನಗೇನ್ ಅಂತಿದ್ಲು?”

ನಲಿನಿ ನೆಲದ ಮೇಲೆ ಕೂತಳು. “ದಿನಾ ಆಫೀಸಿಗೆ ಹೊಂಟಾಗ ಕೂಸು ಅಳತಿತ್ತಲ್ರಿ, ನಾ ಬಾಗಿಲದಾಗ ನಿಂತುಬಿಡ್ತಿದ್ದೆ. ‘ಹೋಗು, ಬಸ್ ತಪ್ಪತದ. ನಾ ಇದ್ದೀನಿ’ ಅಂತಿದ್ರು.” ಅವಳು ಬಾಗಿಲ ಕಡೆ ನೋಡಿದಳು. “ಆ ‘ನಾ ಇದ್ದೀನಿ’ ಅನ್ನೂದ ಈಗ ಕಿವ್ಯಾಗ ಕೇಳಸ್ತದ್ರಿ ಮಾವನವರ. ಕೇಳಿದ್ರ ಕೈಕಾಲು ತಣ್ಣಗಾಗ್ತಾವ.”

“ಆಕಿ ನಿನಗ ಹೋಗು ಅಂದಾಕಿ. ನೌಕರಿ ಬಿಡು ಅಂದಾಕಿ ಅಲ್ಲ.”

“ಹಂಗಾದ್ರ ಕಾಗಿ ಯಾಕ ಬಂತ್ರಿ?”

“ಗೊತ್ತಿಲ್ಲವಾ,” ಎಂದೆ. “ಅದು ನನಗ ತಿಳಿಯೂದಲ್ಲ. ಆದರ ಮಾತು ತಪ್ಪಿದ ದೋಷ ಅಂತ ಒಂದಿದ್ರ ಅದು ಕೂಸಿಗಲ್ಲ, ನಿನಗಲ್ಲ, ನರಹರಿಗೂ ಅಲ್ಲ. ಗಂಡ ನಾನು ಇದ್ದೀನಿ. ಅದು ನನ್ನ ತಲಿ ಮ್ಯಾಲೆ ಬರಲಿ.”

ಬಲಗೈ ಚಾಚಿದೆ. ಒಂದೇ ಕೈಯವನು, ನೀರು ಹಾಕಿಕೊಳ್ಳಲು ಇನ್ನೊಬ್ಬರು ಬೇಕು. ನರಹರಿ ಮುಂದೆ ಬಂದ. ನಾನು ನಲಿನಿಯ ಕಡೆ ನೋಡಿದೆ. ಅವಳು ತಂಬಿಗೆ ಎತ್ತಿಕೊಂಡಳು. ನೀರು ಅಂಗೈಗಿಂತ ನೆಲಕ್ಕೆ ಹೆಚ್ಚು ಬಿತ್ತು. ತುಳಸಿಯೊಂದಿಗೆ ಆ ನೀರನ್ನು ದೇವರ ಮುಂದೆ ಬಿಟ್ಟು, ಹತ್ತನೆಯ ದಿನದ ಆ ಮಾತನ್ನು ಕೃಷ್ಣಾರ್ಪಣ ಮಾಡಿದೆ. ನಡೆಸಿದರೂ ಅವನೇ, ಮುರಿದರೂ ಅವನೇ.

ಸೋಮವಾರ ನಲಿನಿ ಆಫೀಸಿನ ಸೀರೆ ಉಟ್ಟಳು. ಕೂಸಿಗೆ ಜ್ವರವಿರಲಿಲ್ಲ, ಮೂಗು ಇನ್ನೂ ಸೋರುತ್ತಿತ್ತು. ಜ್ವರದ ಔಷಧಿಯ ಶೀಶೆ, ಕುದಿಸಿದ ನೀರು, ಬಟ್ಟೆ ಚೀಲದಲ್ಲಿ ಇಟ್ಟುಕೊಂಡಳು. ಶಿಶುವಿಹಾರದ ಬಾಗಿಲವರೆಗೆ ನಾನೂ ನಡೆದು ಹೋದೆ. ಪಕ್ಕಕ್ಕೆ ಹೇಗೆ ಮಲಗಿಸಬೇಕೆಂದು ನಲಿನಿ ಅಲ್ಲಿನ ಆಯಾಗೆ ತೋರಿಸುತ್ತಿದ್ದಾಗ ಒಳಗೆ ಯಾವುದೋ ಮಗು ಕೆಮ್ಮಿತು. ನಾವಿಬ್ಬರೂ ಒಟ್ಟಿಗೆ ಆ ಕಡೆ ನೋಡಿದೆವು. ಆದರೂ ಅವಳು ಕೂಸನ್ನು ಕೊಟ್ಟಳು. ಹಿಂತಿರುಗಿ ನೋಡದೆ ಬಸ್ಸಿಗೆ ಹೋದಳು.

ಪಟ ಇನ್ನೂ ಅಟ್ಟದ ಮೇಲೆಯೇ ಇದೆ. ಕೆಳಗಿಳಿಸು ಎಂದು ನಾನು ಕೇಳಿಲ್ಲ. ಮೇಲಿನ ಮನೆಯಲ್ಲಿ ಫೋನ್ ಗಂಟೆ ಬಾರಿಸಿದಾಗಲೆಲ್ಲ ಜಪಮಣಿ ಬೆರಳಲ್ಲೇ ನಿಲ್ಲುತ್ತದೆ. ಅದು ಬೇರೆ ಯಾರದೋ ಕರೆ ಎಂದು ತಿಳಿದ ಮೇಲೆ ಮುಂದಿನ ಮಣಿಗೆ ಹೋಗುತ್ತೇನೆ.

ನಾರಾಯಣ, ಈ ಕೂಸಿಗೆ ಬರುವ ಜ್ವರ ಬರಿಯ ಜ್ವರವಾಗಿ ಬಂದು ಹೋಗಲಿ; ಅದರಲ್ಲಿ ನಾವು ಯಾರ ಮುಖವನ್ನೂ ಕಾಣದಿರುವಂತೆ ಮಾಡು. ಈ ಮನೆಗಾಗಿ ದುಡಿದು ದಣಿದ ಆ ಜೀವವನ್ನು ನಮ್ಮ ಹೆದರಿಕೆ ಹಿಡಿದು ನಿಲ್ಲಿಸದಿರಲಿ. ಅವಳ ಹೆಸರು ಹೇಳಿದರೆ ಈ ಮನೆಯ ಹೆಣ್ಣುಮಕ್ಕಳು ನಡುಗದಿರಲಿ. ಯಾರ ಮಾತಿಗೂ ಕಾಯದೆ, ಯಾವ ತೊಟ್ಟಿಲ ಬಳಿಯೂ ನಿಲ್ಲದೆ ಅವಳು ನಿನ್ನ ಪಾದ ಸೇರಲಿ. ಅವಳಿಗೆ ಶಾಂತಿ ಕೊಡು, ತಂದೆ.